ನಮ್ಮ ಕಥೆಗಳ ರಕ್ಕಸ ಹುಟ್ಟಾ ಕೆಟ್ಟವನೇ ಆಗಿರಬೇಕಾ?

ಒಸರು ನೀರು

ಎಲ್ಲರಿಗೂ ನಮಸ್ಕಾರ. ಬರೆಯುತ್ತಾ ಬರೆಯುತ್ತಾ ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ನಿಮ್ಮ ಮಾತು ಬೇಕು.

ಮಕ್ಕಳಿಗೆಂದು ಒಂದು ಕಲ್ಪನಾ ಕಥೆಯನ್ನು ಕಂತು ಕಂತಾಗಿ ಬರೆಯುತ್ತಿದ್ದೇನೆ. ಜಾಗ ನಮ್ಮದೇ. ಮುರಕಲ್ಲಿನ ಗುಡ್ಡ, ಬುಡದಲ್ಲಿ ಅಡಿಕೆ ತೋಟ, ಗುಡ್ಡದ ಹೊಟ್ಟೆಯೊಳಗೆ ಸುರಂಗ. ಕಾಸರಗೋಡಿನ ಹೊರಗಿನವರಿಗೆ ಹೇಳಬೇಕು: ಇಲ್ಲಿ ನೀರಿಗಾಗಿ ನೆಲವನ್ನು ಕೆಳಕ್ಕೆ ಮಾತ್ರ ತೋಡುವುದಿಲ್ಲ, ಗುಡ್ಡವನ್ನು ಅಡ್ಡಕ್ಕೂ ಕೊರೆಯುತ್ತೇವೆ. ಒಬ್ಬ ಮನುಷ್ಯ ನುಸುಳುವಷ್ಟು ಜಾಗ. ಕಲ್ಲಿನಿಂದ ಒಸರುವ ನೀರು ನೆಲದಲ್ಲೇ ಹರಿದು ಹೊರಗೆ ಬರುತ್ತದೆ. ಅದನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹಿಡಿದು ಟಾಂಕಿಗೆ ಬಿಡುತ್ತೇವೆ.

ನನ್ನ ಕಥೆಯಲ್ಲಿ ಆ ಕತ್ತಲೊಳಗೆ 'ಒಸರರು' ಇದ್ದಾರೆ. ದೊಡ್ಡ ತಲೆ, ಬಿಳಿಚಿದ ಕಣ್ಣು, ಒದ್ದೆ ಚರ್ಮ. ಊರಿನ ನೀರನ್ನೆಲ್ಲ ಕುಡಿದು ಬಿಡುತ್ತಾರೆ. ಒಬ್ಬ ಹುಡುಗನನ್ನು ಒಳಗೆ ಎಳೆದುಕೊಂಡೂ ಹೋಗುತ್ತಾರೆ. ಆರನೇ ಕಂತಿನಲ್ಲಿ ಊರಿನವರು ಸುರಂಗದ ಬಾಯಿಗೆ ಒಣ ಸೋಗೆ ತುಂಬಿ ಬೆಂಕಿ ಹಾಕುತ್ತಾರೆ. ಹೊಗೆಗೆ ಒಸರರೆಲ್ಲ ಸಾಯುತ್ತಾರೆ. ಮರುದಿನ ನೀರು ಬರುತ್ತದೆ, ಊರಿಗೆಲ್ಲ ಪಾಯಸದೂಟ.

ಇದನ್ನು ನನ್ನ ಅಕ್ಕನ ಮಗಳಿಗೆ ಓದಿ ಹೇಳಿದೆ. ಒಂಬತ್ತು ವರ್ಷದವಳು. ಪಾಯಸದವರೆಗೆ ಸುಮ್ಮನೆ ಕೇಳಿದಳು. ಆಮೇಲೆ, "ಮಾವ, ಒಳಗೆ ಅವರ ಮಕ್ಕಳೂ ಇದ್ರಾ?" ಅಂದಳು.

ನನ್ನಲ್ಲಿ ಉತ್ತರ ಇರಲಿಲ್ಲ. ಅವರಿಗೆ ಮಕ್ಕಳಿರಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಂದಿನಿಂದ ಏಳನೇ ಕಂತು ಬರೆಯಲಾಗಿಲ್ಲ. ರಕ್ಕಸ ಅಂದ ಮೇಲೆ ಅವನು ಹುಟ್ಟಿನಿಂದಲೇ ಕೆಟ್ಟವನಾಗಿರಬೇಕಾ? ಹಾಗಿಲ್ಲದಿದ್ದರೆ ಕಥೆಯಲ್ಲಿ ಭಯ ಉಳಿಯುತ್ತದಾ?

ಬದಿಯಡ್ಕದ ಹಳೇ ಮಾಷ್ಟ್ರು

ರಾಮಾಯಣದ ಉತ್ತರಕಾಂಡದಲ್ಲಿ ಒಂದು ಸಣ್ಣ ಕಥೆ ಇದೆ. ಬ್ರಹ್ಮ ಮೊದಲು ನೀರನ್ನು ಸೃಷ್ಟಿ ಮಾಡಿದ. ಆಮೇಲೆ ಅದನ್ನು ಕಾಯಲು ಜೀವಿಗಳನ್ನು ಸೃಷ್ಟಿಸಿದ. ಅವರಲ್ಲಿ ಕೆಲವರು 'ರಕ್ಷಾಮಃ' ಅಂದರು, ಕಾಯುತ್ತೇವೆ ಅಂತ. ಅವರು ರಾಕ್ಷಸರಾದರು. 'ಯಕ್ಷಾಮಃ', ಪೂಜಿಸುತ್ತೇವೆ ಅಂದವರು ಯಕ್ಷರಾದರು. ಅಂದರೆ ರಾಕ್ಷಸ ಎಂಬ ಹೆಸರು ಬಂದದ್ದೇ ನೀರು ಕಾಯುವ ಕೆಲಸದಿಂದ. ನಿಮ್ಮ ಒಸರರು ಇರುವುದೂ ನೀರಿನ ಬಾಯಲ್ಲೇ ಅಲ್ವಾ? ನಿಮಗೆ ಗೊತ್ತಿಲ್ಲದೆ ಸರಿಯಾದ ಜಾಗಕ್ಕೇ ಬಂದಿದ್ದೀರಿ.

ನಮ್ಮ ಪುರಾಣಗಳಲ್ಲಿ ದೇವತೆಗಳೂ ದೈತ್ಯರೂ ಒಬ್ಬನೇ ಕಶ್ಯಪನ ಮಕ್ಕಳು. ತಾಯಂದಿರು ಬೇರೆ, ಅದಿತಿ ಮತ್ತು ದಿತಿ. ರಾವಣ ಪುಲಸ್ತ್ಯ ಋಷಿಯ ಮೊಮ್ಮಗ. ಹುಟ್ಟಿನ ಲೆಕ್ಕ ಹಿಡಿದರೆ ಅವನು ಕೆಟ್ಟವನಾಗಲು ಕಾರಣವೇ ಇಲ್ಲ. ಅವನ ಒಡಹುಟ್ಟಿದ ವಿಭೀಷಣ ಬೇರೆ ದಾರಿ ಹಿಡಿದ. ಹಿರಣ್ಯಕಶಿಪುವಿನ ಹೊಟ್ಟೆಯಲ್ಲಿ ಪ್ರಹ್ಲಾದ ಹುಟ್ಟಿದ. ಜರೆ ಎಂಬ ರಾಕ್ಷಸಿ ಬೀದಿಯಲ್ಲಿ ಬಿದ್ದಿದ್ದ ಮಗುವಿನ ಎರಡು ಹೋಳುಗಳನ್ನು ಕೂಡಿಸಿ ಜೀವ ಬರಿಸಿದಳು, ಆ ಮಗುವೇ ಜರಾಸಂಧ.

ಇನ್ನೊಂದು ಮಾತು. ನಿಮ್ಮ ಎರಡನೇ ಕಂತು ಓದಿದ್ದೇನೆ. ಅಲ್ಲಿ "ತಲೆ ನೋಡಿದರೇ ಗೊತ್ತಾಗುತ್ತಿತ್ತು, ಕೆಟ್ಟ ಜಾತಿ" ಎಂದು ಬರೆದಿದ್ದೀರಿ. ನೀವು ಪ್ರಾಣಿಗಳ ಅರ್ಥದಲ್ಲಿ ಬರೆದಿರಬಹುದು. ಆದರೆ ಆ ಎರಡು ಶಬ್ದಗಳನ್ನು ನಮ್ಮ ನಾಡಿನಲ್ಲಿ ಮನುಷ್ಯರ ಮೇಲೆ ಎಷ್ಟು ಕಾಲ ಬಳಸಿದರು ಎಂಬುದು ನನಗೆ ಗೊತ್ತು. ಮಕ್ಕಳ ಕಥೆಯಲ್ಲಿ ಅದು ಬೇಡ.

ಚೌಕಿಯ ಹಿಂದೆ

ನಾನು ಯಕ್ಷಗಾನ ಮೇಳದಲ್ಲಿ ಹಲವು ವರ್ಷ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡಿದವನು. ಭಯದ ಬಗ್ಗೆ ಕೇಳಿದ್ದೀರಿ, ಅಷ್ಟನ್ನು ನಾನು ಹೇಳಬಲ್ಲೆ.

ನಮ್ಮ ತೆಂಕುತಿಟ್ಟಿನಲ್ಲಿ, ಅಂದರೆ ತೆಂಕಣ ಶೈಲಿಯ ಯಕ್ಷಗಾನದಲ್ಲಿ, ರಾಕ್ಷಸನ ಮುಖ ಬರೆಯಲು ಮೂರು ನಾಲ್ಕು ಗಂಟೆ ಬೇಕು. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಚುಟ್ಟಿ ಇಡುವುದು. ಸಣ್ಣ ಕಡ್ಡಿಯ ತುದಿಯಲ್ಲಿ ಒಂದೊಂದೇ ಚುಕ್ಕೆ. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಳ್ಳಿನ ಹಾಗೆ ಎದ್ದು ನಿಲ್ಲಬೇಕು. ಅಷ್ಟು ಹೊತ್ತು ನಗುವ ಹಾಗಿಲ್ಲ, ತುಟಿ ಅಲ್ಲಾಡಿದರೆ ಬಿರಿಯುತ್ತದೆ. ಆಮೇಲೆ ಕಿರೀಟ, ದೊಂದಿ, ರಾಳದ ಬೆಂಕಿ, ತೆರೆಯ ಹಿಂದಿನಿಂದ ಅಬ್ಬರ. ಎದುರಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತಾರೆ. ಹೋಗಬೇಕು. ಅದು ಬೇಡ ಅಂದರೆ ಬಣ್ಣದ ವೇಷವೇ ಬೇಡ.

ಆದರೆ ತೆರೆ ಸರಿದ ಮೇಲೆ ಏನಾಗುತ್ತದೆ ನೋಡಿ. ಹಳೆಯ ಕ್ರಮದ ಒಡ್ಡೋಲಗದಲ್ಲಿ, ಅಂದರೆ ರಂಗಪ್ರವೇಶದಲ್ಲಿ, ರಾಕ್ಷಸ ಬಂದ ಕೂಡಲೇ ಯಾರನ್ನೂ ಕೊಲ್ಲುವುದಿಲ್ಲ. ಅವನು ನಿದ್ದೆಯಿಂದ ಏಳುತ್ತಾನೆ. ಸ್ನಾನ ಮಾಡುತ್ತಾನೆ. ಶಿವಪೂಜೆ ಮಾಡುತ್ತಾನೆ. ಹೆಣ್ಣುಬಣ್ಣವಾದರೆ ಶೂರ್ಪನಖಿ ತಲೆ ಬಾಚುತ್ತಾಳೆ, ಕನ್ನಡಿ ನೋಡುತ್ತಾಳೆ. ಇದೆಲ್ಲ ಚೆಂಡೆಯ ಪೆಟ್ಟಿಗೆ ಸರಿಯಾಗಿ, ಮಾತಿಲ್ಲದೆ. ಸೆರಗಿನೊಳಗಿನ ಮಗು ಆಗ ಮೆಲ್ಲ ಒಂದು ಕಣ್ಣು ಹೊರಗೆ ಹಾಕುತ್ತದೆ. ರಂಗಸ್ಥಳದಿಂದ ನನಗೆ ಅದು ಕಾಣುತ್ತಿತ್ತು. ರಕ್ಕಸನೂ ತನ್ನ ಹಾಗೆ ತಲೆ ಬಾಚುತ್ತಾನೆ ಎಂದು ಅದಕ್ಕೆ ಗೊತ್ತಾಗುತ್ತದೆ. ಭಯ ಹೋಗುವುದಿಲ್ಲ. ಭಯದ ಜೊತೆಗೆ ಇನ್ನೊಂದು ಏನೋ ಬಂದು ಸೇರುತ್ತದೆ.

ಇನ್ನು ತಾಳಮದ್ದಳೆ, ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ಬಣ್ಣವೂ ಇಲ್ಲ, ಕಿರೀಟವೂ ಇಲ್ಲ. ಶಾಲು ಹೊದ್ದು ಕೂತವನೇ ರಾವಣ. ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನು, ವಾಲಿಯನ್ನು ಕೇಳಿದವರು ಈ ವೇದಿಕೆಯಲ್ಲಿ ಖಂಡಿತ ಇದ್ದಾರೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳುವಾಗ ರಾಮನ ಅರ್ಥ, ಅಂದರೆ ರಾಮನ ಮಾತು, ಹೇಳುವವರು ಬೆವರಬೇಕು. ರಾಮ ಗೆಲ್ಲುವುದು ಎಲ್ಲರಿಗೂ ಗೊತ್ತು. ಆದರೂ ಬೆವರಬೇಕು.

ತಮ್ಮಾ, ನಿನ್ನ ಒಸರನನ್ನು ಒಂದು ಸಲ ತಾಳಮದ್ದಳೆಗೆ ಕೂರಿಸು. ಅವನಿಗೆ ಕಾಲು ಗಂಟೆ ಹೇಳಲು ಅರ್ಥ ಇದೆಯಾ ನೋಡು. ಇಲ್ಲ ಅಂತಾದರೆ ನೀನು ಬರೀ ಚುಟ್ಟಿ ಇಟ್ಟಿದ್ದೀಯಾ, ವೇಷ ಇನ್ನೂ ಆಗಿಲ್ಲ.

ಇಪ್ಪತ್ತು ಮುಖದ ದಾಳ

ಉಪ್ಪಳದವನು, ಈಗ ಬೆಂಗಳೂರಿನಲ್ಲಿದ್ದೇನೆ. ಒಸರು ಅಣ್ಣ, ನಿಮ್ಮ ಸೊಸೆ ಕೇಳಿದ ಪ್ರಶ್ನೆ ನಮ್ಮ ಆಟದ ಮೇಜಿನ ಮೇಲೂ ಬಂದಿತ್ತು.

ನಾವು ಐದು ಜನ ವಾರಕ್ಕೊಮ್ಮೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. 1974ರಲ್ಲಿ ಬಂದ ಆಟ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಪಾತ್ರಗಳಾಗಿ ದಾಳ ಉರುಳಿಸುತ್ತಾರೆ. ಅದರ ಹಳೆಯ ಪುಸ್ತಕಗಳಲ್ಲಿ ಪ್ರತಿ ಪ್ರಾಣಿಯ ಪಕ್ಕದಲ್ಲಿ ಬಲ ಎಷ್ಟು, ಹಲ್ಲು ಎಷ್ಟು ಎಂದು ಬರೆದ ಹಾಗೆಯೇ ಸ್ವಭಾವವನ್ನೂ ಬರೆದಿರುತ್ತಾರೆ. ಓರ್ಕ್ ಎಂಬ ರಕ್ಕಸ ಕುಲ ಅಂದರೆ ಕೆಟ್ಟದ್ದು. ಇಡೀ ಕುಲವೇ ಕೆಟ್ಟದ್ದು. ಹೀಗಿದ್ದರೆ ಆಡುವವರಿಗೆ ಸುಲಭ. ಕಂಡಕೂಡಲೇ ಕೊಚ್ಚಬಹುದು.

ಒಂದು ರಾತ್ರಿ ನಾವು ಗಾಬ್ಲಿನ್ ಎಂಬ ಕುಳ್ಳ ರಕ್ಕಸರ ಗುಹೆಗೆ ನುಗ್ಗಿ ಎಲ್ಲರನ್ನೂ ಮುಗಿಸಿದೆವು. ಕೊನೆಯ ಕೋಣೆಯ ಬಾಗಿಲು ತೆಗೆದಾಗ ಕಥೆ ಹೇಳುವವನು, "ಒಳಗೆ ಏಳು ಮರಿಗಳಿವೆ, ಒಂದನ್ನೊಂದು ತಬ್ಬಿಕೊಂಡಿವೆ" ಅಂದ. ಯಾರೂ ದಾಳ ಮುಟ್ಟಲಿಲ್ಲ. ಒಂದು ಗಂಟೆ ಬರೀ ಮಾತು. ಒಬ್ಬ, "ಪುಸ್ತಕದಲ್ಲಿ ಕೆಟ್ಟದ್ದು ಅಂತ ಇದೆಯಲ್ಲ, ದೊಡ್ಡವಾದರೆ ಇವೂ ಊರು ಸುಡುತ್ತವೆ" ಅಂದ. ಅವನು ನಿಜವಾಗಿ ತುಂಬ ಮೆತ್ತಗಿನ ಹುಡುಗ. ಆ ಮಾತು ಅವನ ಬಾಯಿಂದ ಬಂದದ್ದು ಕೇಳಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಆಟದ ನಿಯಮವೇ ಅವನಿಗೆ ಆ ಮಾತು ಕೊಟ್ಟಿತ್ತು.

ಆ ಆಟದ ಕಂಪನಿ 2020ರಲ್ಲಿ ಓರ್ಕ್ ಮತ್ತು ಡ್ರೌ (ಕಪ್ಪು ಎಲ್ಫ್) ಕುಲಗಳನ್ನು ಇನ್ನು ಮುಂದೆ ಬೇರೆ ಜನರಷ್ಟೇ ಬಗೆಬಗೆಯಾಗಿ ತೋರಿಸುತ್ತೇವೆ ಎಂದು ಹೇಳಿತು. ತುಂಬ ಜನ ಸಿಟ್ಟಾದರು, ನಾನು ಸಂತೋಷಪಟ್ಟೆ. 'ಲಾರ್ಡ್ ಆಫ್ ದ ರಿಂಗ್ಸ್' ಬರೆದು ಓರ್ಕ್‌ಗಳನ್ನು ಜನಪ್ರಿಯ ಮಾಡಿದ ಟೋಲ್ಕಿನ್‌ಗೂ ಈ ವಿಷಯದಲ್ಲಿ ನೆಮ್ಮದಿ ಇರಲಿಲ್ಲ. ಅವರು ಕ್ಯಾಥಲಿಕ್ ನಂಬಿಕೆಯವರು. ಕೆಡುಕು ಏನನ್ನೂ ಸೃಷ್ಟಿ ಮಾಡಲಾರದು, ಇರುವುದನ್ನು ತಿರುಚಬಹುದು ಅಷ್ಟೇ ಎಂಬುದು ಅವರ ನಿಲುವು. ಹಾಗಾದರೆ ಓರ್ಕ್‌ಗಳು ಎಲ್ಲಿಂದ ಬಂದರು? ಹಿಡಿದು ಹಿಂಸಿಸಿದ ಎಲ್ಫ್‌ಗಳಿಂದ, ಅವರ ಕಥೆಯ ಚೆಲುವ ಜನರಿಂದ, ಎಂದು ಒಂದು ಕಡೆ ಬರೆದರು, ಇನ್ನೊಂದು ಕಡೆ ಬೇರೆ ಬರೆದರು. ಕೊನೆಯವರೆಗೂ ಗಟ್ಟಿಯಾಗಿ ತೀರ್ಮಾನಿಸಲಿಲ್ಲ.

ಕುಂಬಳೆಯ ಅಮ್ಮ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಬೇಡಿ.

ಈಗೀಗ ಬರುವ ಕಥೆಗಳಲ್ಲಿ ಪ್ರತಿ ರಕ್ಕಸನಿಗೂ ಒಂದು ಅಳುವ ಬಾಲ್ಯ ಇರುತ್ತದೆ. ಅಪ್ಪ ಹೊಡೆದ, ಊರು ಓಡಿಸಿತು, ಪ್ರೀತಿ ಸಿಗಲಿಲ್ಲ. ಇನ್ನೂರು ಪುಟ ಅವನ ನೋವು. ಅವನು ಕೊಂದವರಿಗೆ ಹೆಸರೂ ಇರುವುದಿಲ್ಲ. ಇದು ನನಗೆ ತುಂಬಾ ಕಷ್ಟವಾಗುತ್ತದೆ. ನರಕಾಸುರ ಭೂದೇವಿಯ ಮಗ, ಹುಟ್ಟು ಕೆಟ್ಟದ್ದಲ್ಲ, ಒಪ್ಪುತ್ತೇನೆ. ಆದರೆ ಅವನ ಸೆರೆಯಲ್ಲಿ 16,000ಕ್ಕೂ ಹೆಚ್ಚು ಹೆಣ್ಣುಮಕ್ಕಳು ಇದ್ದರು. ಅವರಲ್ಲಿ ಒಬ್ಬಳ ಬಾಯಿಂದಾದರೂ ಕಥೆ ಕೇಳಿದ್ದೇವಾ?

ನಿಮ್ಮ ಕಥೆಯಲ್ಲಿ ಒಸರರು ಒಬ್ಬ ಹುಡುಗನನ್ನು ಎಳೆದುಕೊಂಡು ಹೋದರು. ಇಲ್ಲಿಯವರೆಗೆ ಇಷ್ಟು ಜನ ಬರೆದಿದ್ದೀರಿ, ಆ ಹುಡುಗ ಏನಾದ ಎಂದು ಯಾರೂ ಕೇಳಲಿಲ್ಲ. ಅವನಿಗೆ ತಾಯಿ ಇಲ್ಲವಾ?

ರಾತ್ರಿ ಮಗುವನ್ನು ಮಲಗಿಸುವಾಗ ಕಥೆಯ ರಕ್ಕಸ ಕೆಟ್ಟವನು, ಅವನು ಸತ್ತ, ಇನ್ನು ಬರುವುದಿಲ್ಲ ಎಂದು ಹೇಳಲು ಸಿಗಬೇಕು. ನಾಲ್ಕು ವರ್ಷದ ಮಗುವಿಗೆ ಅದು ಬೇಕು.

ಇಪ್ಪತ್ತು ಮುಖದ ದಾಳ

ಅಕ್ಕ, ಹುಡುಗನ ಬಗ್ಗೆ ನೀವು ಹೇಳಿದ್ದು ಸರಿ. ನಾನೂ ಅವನನ್ನು ಮರೆತೇ ಬಿಟ್ಟಿದ್ದೆ. ಆದರೆ ಕಾರಣ ಹೇಳುವುದು ಬೇರೆ, ಕ್ಷಮಿಸುವುದು ಬೇರೆ ಅಲ್ವಾ?

ಕುಂಬಳೆಯ ಅಮ್ಮ

ಬೇರೆಯೇ. ಬರೆಯುವವರಿಗೆ ಆ ವ್ಯತ್ಯಾಸ ನೆನಪಿರಲಿ ಅಂತಲೇ ಹೇಳಿದ್ದು.

ಗೇರುಗುಡ್ಡೆ

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ.

ನಮ್ಮ ಮನೆ ಪೆರ್ಲದ ಕಡೆ, ಗೇರು ತೋಟದ ಬುಡದಲ್ಲಿ. ಆ ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ. ನಮ್ಮ ಸುರಂಗಕ್ಕೂ ಕೆರೆಗೂ ಅದೇ ಗುಡ್ಡದ ನೀರು. ನನ್ನ ತಮ್ಮ ಹುಟ್ಟಿದ್ದು ಆ ಕಾಲದಲ್ಲಿ. ಅವನ ತಲೆ ದೊಡ್ಡದು. ಕುತ್ತಿಗೆಗೆ ಆ ಭಾರ ಹೊರಲು ಆಗುತ್ತಿರಲಿಲ್ಲ. ಅಮ್ಮ ಯಾವಾಗಲೂ ಒಂದು ಕೈಯನ್ನು ಅವನ ತಲೆಯ ಹಿಂದೆ ಇಟ್ಟುಕೊಂಡೇ ಊಟ ಕೊಡುತ್ತಿದ್ದಳು.

ಅವನಿಗೆ ಕಥೆ ಅಂದರೆ ಜೀವ. ನಾನು ಶಾಲೆಯ ಲೈಬ್ರರಿಯಿಂದ ಪುಸ್ತಕ ತಂದು ಓದಿ ಹೇಳುತ್ತಿದ್ದೆ. ಒಂದು ಪುಸ್ತಕದಲ್ಲಿ ರಕ್ಕಸನ ಚಿತ್ರ ಇತ್ತು. ದೊಡ್ಡ ತಲೆ, ಹೊರಗೆ ಬಂದ ಕಣ್ಣು, ಬಾಯಿಂದ ಜೊಲ್ಲು. ಪುಟ ಮಗುಚಲು ಹೋದೆ, ಅವನು ಬಿಡಲಿಲ್ಲ. ಬೆರಳಲ್ಲಿ ಆ ತಲೆಯನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಕೇಳಿದ, "ಅಕ್ಕ, ಇವನಿಗೂ ತಲೆ ನೋಯ್ತದಾ?"

ನೋಯ್ತದೆ ಅಂದೆ. "ಅದಕ್ಕೇ ಬೊಬ್ಬೆ ಹೊಡೆಯುದು" ಅಂದ. ಅವನಿಗೆ ಎಲ್ಲ ಅರ್ಥವಾದ ಹಾಗಿತ್ತು. ಆ ರಕ್ಕಸ ಕೊನೆಗೆ ಸಾಯುತ್ತಾನೆ ಎಂದು ನಾನು ಅವನಿಗೆ ಓದಲಿಲ್ಲ. ಬಾಯಿಗೆ ಬಂದ ಬೇರೆ ಏನೋ ಹೇಳಿ ಪುಸ್ತಕ ಮುಚ್ಚಿದೆ.

ತಮ್ಮ ಈಗ ಇಲ್ಲ. ದಾರಿಯಲ್ಲಿ ಅವನನ್ನು ನೋಡಿ ಮಕ್ಕಳು ಓಡಿದ್ದು ನನಗೆ ನೆನಪಿದೆ. ಆ ಮಕ್ಕಳು ಕೆಟ್ಟವರಲ್ಲ. ದೊಡ್ಡ ತಲೆ ಅಂದರೆ ರಕ್ಕಸ ಎಂದು ಅವರಿಗೆ ಯಾರೋ ಚಿತ್ರ ಬರೆದು ಕಲಿಸಿದ್ದರು.

ಒಸರು ಅಣ್ಣ, ನಿಮ್ಮ ರಕ್ಕಸರು ಎಷ್ಟು ಕೆಟ್ಟದ್ದು ಮಾಡಿದರೂ ನನ್ನ ತಕರಾರಿಲ್ಲ. ಅವರು ಮಾಡಿದ್ದನ್ನು ಬರೆಯಿರಿ. ದೇಹದಿಂದ ಗುರುತು ಹಿಡಿಸಬೇಡಿ. ಇಷ್ಟೇ ನಾನು ಕೇಳುವುದು.

ಒಸರು ನೀರು

ಅಕ್ಕ, ಎರಡನೇ ಕಂತಿನ ಆ ಸಾಲನ್ನು ಈಗಲೇ ತೆಗೆದೆ. ಮಾಷ್ಟ್ರು ಹೇಳಿದಾಗಲೇ ತೆಗೆಯಬೇಕಿತ್ತು. ಜಾಸ್ತಿ ಏನೂ ಬರೆಯಲು ಆಗುತ್ತಿಲ್ಲ.

ಬಯಲುಸೀಮೆ ಓದುಗ

ದಾವಣಗೆರೆ ಕಡೆಯವನು. ನಮ್ಮಲ್ಲಿ ಭೂತ ಅಂದರೆ ದೆವ್ವ, ಕೆಟ್ಟದ್ದು. ನಿಮ್ಮ ಕಡೆ ಭೂತಕ್ಕೆ ಕೋಲ ಕೊಟ್ಟು ಕೈಮುಗಿಯುತ್ತಾರೆ ಅಂತ ಕೇಳಿದ್ದೇನೆ. ಈ ಚರ್ಚೆಗೂ ಅದಕ್ಕೂ ಸಂಬಂಧ ಇದೆಯಾ?

ಪೊಸಡಿಗುಂಪೆ

ಇದೆ, ತುಂಬಾ ಇದೆ. ಪಂಜುರ್ಲಿ ದೈವದ ಕಥೆ ನೋಡಿ. ಪಾಡ್ದನದಲ್ಲಿ, ಅಂದರೆ ತುಳುವಿನ ಹಾಡುಗಥೆಯಲ್ಲಿ, ಅದು ಒಂದು ಹಂದಿಮರಿ. ಪಾರ್ವತಿ ಪ್ರೀತಿಯಿಂದ ಸಾಕುತ್ತಾಳೆ. ದೊಡ್ಡದಾದ ಮೇಲೆ ಅದು ಈಶ್ವರನ ತೋಟವನ್ನೇ ಅಗೆದು ಹಾಳು ಮಾಡುತ್ತದೆ. ಈಶ್ವರ ಸಿಟ್ಟಿನಲ್ಲಿ ಕೊಲ್ಲುತ್ತಾನೆ. ಪಾರ್ವತಿಯ ದುಃಖ ನೋಡಲಾಗದೆ ಅದಕ್ಕೆ ಮತ್ತೆ ಜೀವ ಕೊಟ್ಟು ಭೂಮಿಗೆ ಕಳಿಸುತ್ತಾನೆ. ಬೆಳೆ ಹಾಳು ಮಾಡಿದ್ದೇ ಬೆಳೆ ಕಾಯುವ ದೈವವಾಯಿತು. ಇಲ್ಲಿ ಹಂದಿಯ ಹಲ್ಲು ಕಿತ್ತು ಅದನ್ನು ಸಾಧು ಮಾಡಲಿಲ್ಲ. ಕೋಲದ ರಾತ್ರಿ ಪಂಜುರ್ಲಿಯ ಕೋರೆಹಲ್ಲು ಹಾಗೇ ಇರುತ್ತದೆ. ಗುಳಿಗನೂ ಹಾಗೆಯೇ. ಮರದ ಬುಡದಲ್ಲಿ ಒಂದು ಕಲ್ಲು, ಮೇಲೆ ಮಾಡು (ಸೂರು) ಇಲ್ಲ. ಮಹಾ ಹಸಿವಿನ ದೈವ. ಕತ್ತಲಾದ ಮೇಲೆ ಆ ಕಡೆ ಹೋಗಲು ಈಗಲೂ ನನಗೆ ಎದೆ ಹೊಡೆದುಕೊಳ್ಳುತ್ತದೆ. ಆದರೆ ಗುಳಿಗ ಕೆಟ್ಟವನು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ.

ನೀಲೇಶ್ವರದ ಕಡೆ ಹೋದರೆ ಭೂತಕೋಲದ ಹಾಗೆಯೇ ತೆಯ್ಯಂ ಕಟ್ಟುತ್ತಾರೆ. ಅಲ್ಲಿ ಪೊಟ್ಟನ್ ತೆಯ್ಯಂ ಇದೆ, ಕೆಂಡದ ರಾಶಿಯ ಮೇಲೆ ಮಲಗುವ ತೆಯ್ಯಂ. ದಾರಿ ಬಿಡು ಎಂದ ಶಂಕರಾಚಾರ್ಯರನ್ನು ಚಂಡಾಲನ ರೂಪದ ಶಿವ ತಡೆದು ನಿಲ್ಲಿಸಿದ ಕಥೆ. ನಿನ್ನನ್ನು ಕೊಯ್ದರೂ ನನ್ನನ್ನು ಕೊಯ್ದರೂ ಬರುವುದು ಒಂದೇ ರಕ್ತ ಅಲ್ಲವೇ ಎಂಬುದು ಅಲ್ಲಿನ ಪ್ರಶ್ನೆ. ಮಾಷ್ಟ್ರು 'ಕೆಟ್ಟ ಜಾತಿ' ಬಗ್ಗೆ ಬರೆದಾಗ ನನಗೆ ಇದೇ ನೆನಪಾಯಿತು.

ಕುಂಬಳೆಯ ಅಕ್ಕ ನರಕಾಸುರನ ಬಗ್ಗೆ ಹೇಳಿದರು. ಅದೇ ದೀಪಾವಳಿಯಲ್ಲಿ ಇನ್ನೊಬ್ಬ ಅಸುರನೂ ಇದ್ದಾನಲ್ಲ. ನರಕ ಸತ್ತ ಎಂದು ಬೆಳಗ್ಗೆ ಎಣ್ಣೆ ಹಚ್ಚಿ ಮೀಯುತ್ತೇವೆ. ಅದೇ ಹಬ್ಬದ ರಾತ್ರಿ ಗದ್ದೆಗೆ ದೀಪ ಹಿಡಿದುಕೊಂಡು ಹೋಗಿ ಬಲಿಯೇಂದ್ರನನ್ನು ಕೂಗಿ ಕರೆಯುತ್ತೇವೆ. ಇಬ್ಬರೂ ಅಸುರರು. ಒಬ್ಬನನ್ನು ಅವನು ಮಾಡಿದ ಕೆಲಸಕ್ಕಾಗಿ ಕೊಂದರು, ಇನ್ನೊಬ್ಬನನ್ನು ಅವನು ಮಾಡಿದ ಕೆಲಸಕ್ಕಾಗಿ ಕರೆಯುತ್ತೇವೆ. ಮಲಯಾಳಿ ನೆರೆಮನೆಯವರು ಓಣಂನಲ್ಲಿ ಹೂ ಹಾಕಿ ಕಾಯುವುದೂ ಅದೇ ಬಲಿಯನ್ನು. ನನ್ನ ಅಜ್ಜ ಕರೆಯುವಾಗ ಒಂದು ಮಾತು ಸೇರಿಸುತ್ತಿದ್ದರು: ಉಪ್ಪು ಕರ್ಪೂರ ಆಗುವಾಗ, ಬಿಳಿಗಲ್ಲು ಹೂ ಬಿಡುವಾಗ ನಿನ್ನ ರಾಜ್ಯ ನಿನಗೆ. ಅಂದರೆ ಎಂದಿಗೂ ಇಲ್ಲ ಅಂತ. ಚಿಕ್ಕವನಿದ್ದಾಗ ನಾನು ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿ ಮೂಸಿ ನೋಡುತ್ತಿದ್ದೆ, ಕರ್ಪೂರ ಆಗಿದೆಯಾ ಅಂತ.

ಕುಂಬಳೆಯ ಅಮ್ಮ

ಗೇರುಗುಡ್ಡೆಯ ತಂಗೀ, ನಿನ್ನ ಬರಹ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಮಗುವಿಗೆ ಕೆಟ್ಟ ರಕ್ಕಸ ಬೇಕು ಎಂದು ಬರೆಯುವಾಗ ನಿನ್ನ ತಮ್ಮನಂಥ ಮಗು ನನ್ನ ಕಣ್ಣ ಮುಂದೆ ಇರಲಿಲ್ಲ.

ನಮ್ಮ ಅನಂತಪುರದ ಕೆರೆಯಲ್ಲಿ ಬಬಿಯಾ ಇತ್ತಲ್ಲ, ಆ ಮೊಸಳೆ. ದೇವಸ್ಥಾನದ ನೈವೇದ್ಯದ ಅನ್ನ ತಿನ್ನುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಮನುಷ್ಯರಿಗೆ ಮಾಡುವ ಹಾಗೆ ಎಲ್ಲರೂ ಹೋಗಿ ನೋಡಿ ಕಣ್ಣೀರು ಹಾಕಿದರು, ನಾನೂ ಹೋಗಿದ್ದೆ. ಅದು ಕೆಟ್ಟದ್ದು ಎಂದು ಯಾರಿಗೂ ಅನಿಸಿರಲಿಲ್ಲ. ಹಾಗಂತ ನನ್ನ ಮಗನನ್ನು ಆ ಕೆರೆಗೆ ಇಳಿಯಲು ಬಿಟ್ಟವಳಲ್ಲ ನಾನು. ಕೈ ಗಟ್ಟಿ ಹಿಡಿದುಕೊಂಡೇ ತೋರಿಸಿದ್ದೆ. ನಿಮ್ಮ ಒಸರರನ್ನು ಹಾಗೆ ಬರೆಯಲು ಆಗುತ್ತದಾ ನೋಡಿ. ಹುಡುಗನ ತಾಯಿಯನ್ನು ಮಾತ್ರ ಬಿಡಬೇಡಿ.

ಒಸರು ನೀರು

ಏಳನೇ ಕಂತು ಅಲ್ಲ, ಆರನೆಯದನ್ನೇ ಮತ್ತೆ ಬರೆದೆ.

ಒಸರರು ಹುಡುಗನನ್ನು ಎಳೆದುಕೊಂಡು ಹೋದದ್ದು ಹಾಗೇ ಇದೆ. ಅವನು ಬದುಕಿ ಬರುವುದಿಲ್ಲ. ಕಾರಣ ಇದೆ: ಊರಿನವರು ಸುರಂಗವನ್ನು ಇನ್ನೂ ಹತ್ತು ಕೋಲು ಒಳಕ್ಕೆ ಕೊರೆದಾಗ ಒಸರರ ಕೊಳದ ಗೋಡೆ ಒಡೆಯಿತು. ಅವರ ನೀರೆಲ್ಲ ದಂಬೆಯಲ್ಲಿ ಹರಿದು ತೋಟಕ್ಕೆ ಬಂತು. ಆ ವರ್ಷ ಅಡಿಕೆ ಚೆನ್ನಾಗಿ ಆಯಿತು. ಒಳಗೆ ಮರಿಗಳು ಒಣಗಿದವು. ಚೌಕಿಯ ಅಣ್ಣ ಹೇಳಿದ ಹಾಗೆ ಹಿರಿಯ ಒಸರನನ್ನು ಕೂರಿಸಿ ಅರ್ಥ ಹೇಳಿಸಿದೆ. ಕಾಲು ಗಂಟೆ ಬೇಕಾಗಲಿಲ್ಲ, ಐದು ನಿಮಿಷಕ್ಕೇ ನನಗೆ ಸಾಕಾಯಿತು.

ಅದನ್ನೆಲ್ಲ ಕೇಳುವವಳು ಹುಡುಗನ ತಾಯಿ. ಕೇಳಿದ ಮೇಲೂ ಅವಳು ಕ್ಷಮಿಸುವುದಿಲ್ಲ. ಸೋಗೆಗೆ ಬೆಂಕಿ ಹಚ್ಚಲೂ ಬಿಡುವುದಿಲ್ಲ. ಶುರು ಹೀಗಿದೆ:

"ಸುರಂಗದ ಬಾಯಲ್ಲಿ ಅವಳು ಮೇಣದ ಬತ್ತಿ ಹಚ್ಚಿ ನೆಲದ ಮೇಲೆ ಇಟ್ಟಳು. ಬೆಳಕು ಅಲ್ಲೇ ಇರಲಿ ಎಂದುಕೊಂಡು ಬರಿಗೈಯಲ್ಲಿ ಒಳಗೆ ಹೋದಳು. ನೀರು ಅವಳ ಪಾದದವರೆಗೆ ಬಂತು. ಯಾರೋ ಉಸಿರಾಡುವುದು ಕೇಳಿತು. ನನ್ನ ಮಗ ಎಲ್ಲಿ ಎಂದಳು. ಕತ್ತಲಿನಿಂದ ಉತ್ತರ ಬಂತು: ನನ್ನದು ಹನ್ನೊಂದು."

ಸೊಸೆಗೆ ಓದಿದೆ. ಅವಳು ಪಾಯಸ ಇಲ್ವಾ ಎಂದು ಕೇಳಲಿಲ್ಲ. ಮುಂದಿನ ಕಂತು ಯಾವಾಗ ಅಂದಳು.

ಹಾರೆ ಪಿಕ್ಕಾಸು

ನಾನು ಸುರಂಗ ಕೊರೆಯುವ ಕೆಲಸದವನು. ಅಪ್ಪನೂ ಅದೇ ಕೆಲಸ. ಕಥೆ ಬಗ್ಗೆ ಹೇಳಲು ನನಗೆ ಬರುವುದಿಲ್ಲ, ಆದರೆ ಓದಿದೆ, ಮನಸ್ಸಿಗೆ ತಟ್ಟಿತು. ಒಂದು ತಪ್ಪು ಇದೆ. ಮೇಣದ ಬತ್ತಿಯನ್ನು ಬಾಯಲ್ಲಿ ಬಿಟ್ಟು ಯಾರೂ ಒಳಗೆ ಹೋಗುವುದಿಲ್ಲ. ಅದನ್ನು ಕೊಂಡುಹೋಗುವುದು ಬರೀ ಬೆಳಕಿಗಲ್ಲ. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಅಂತ ಲೆಕ್ಕ, ಕೂಡಲೇ ತಿರುಗಿ ಬರಬೇಕು. ಆ ತಾಯಿ ಈ ಊರಿನವಳೇ ಆದರೆ ಅವಳಿಗೆ ಇದು ಗೊತ್ತಿರುತ್ತದೆ. ಬತ್ತಿ ಅವಳ ಕೈಯಲ್ಲಿರಲಿ.

ಒಸರು ನೀರು

ತಿದ್ದಿದೆ ಅಣ್ಣ. ಈಗ ಬತ್ತಿ ಅವಳ ಕೈಯಲ್ಲಿದೆ. 'ಹನ್ನೊಂದು' ಎಂಬ ಮಾತು ಕೇಳುವಾಗ ಅದು ಮಂಕಾಗುತ್ತಾ ಬರುತ್ತದೆ, ಅವಳು ಇನ್ನೂ ತಿರುಗಿಲ್ಲ.